ಅಕ್ಷಯ ತೃತೀಯ ಮತ್ತು ಅರ್ಧ ಗ್ರಾಂ ಚಿನ್ನ

ಇಂದಿನ ಬದುಕಿನಲ್ಲಿ ಧರ್ಮದ ಜಾಗವನ್ನು ಕೊಳ್ಳುಬಾಕತನ ಆಕ್ರಮಿಸಿಕೊಂಡಿದೆಯೇ ಎಂದು ಕೇಳಿದ್ದೀರಿ. ನಮ್ಮ ಕಡೆ ನಡೆದದ್ದು ಅದಕ್ಕಿಂತ ನಾಜೂಕಿನ ಕೆಲಸವೆಂದು ನನಗೆ ತೋರುತ್ತದೆ. ವ್ಯಾಪಾರವು ದೇವರನ್ನು ಎಬ್ಬಿಸಿ ಕಳುಹಿಸಲಿಲ್ಲ, ದೇವರ ಮನೆಯೊಳಗೇ ತಾನೂ ಒಂದು ಮಣೆ ಹಾಕಿಕೊಂಡು ಕುಳಿತಿತು.

ಅಕ್ಷಯ ತೃತೀಯವನ್ನೇ ನೋಡಿ. ವೈಶಾಖ ಶುದ್ಧ ತದಿಗೆಯಂದು ಮಾಡಿದ ದಾನ, ಜಪ, ಹೋಮಗಳ ಫಲ ಸವೆಯುವುದಿಲ್ಲವೆಂಬ ನಂಬಿಕೆಯಿಂದಲೇ ಅದಕ್ಕೆ ಆ ಹೆಸರು. ಬಿರುಬೇಸಿಗೆಯ ಹಬ್ಬವಾದ್ದರಿಂದ ನೀರು ತುಂಬಿದ ಕೊಡ, ಬೀಸಣಿಗೆ, ಕೊಡೆ, ಪಾದರಕ್ಷೆಗಳನ್ನು ದಾನ ಕೊಡುವುದು ಹಳೆಯ ಪದ್ಧತಿ. ಜೈನರಿಗೆ ಇದು, ದೀರ್ಘ ಉಪವಾಸದಲ್ಲಿದ್ದ ಮೊದಲ ತೀರ್ಥಂಕರ ವೃಷಭನಾಥರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಕಬ್ಬಿನ ಹಾಲನ್ನು ಆಹಾರವಾಗಿ ಕೊಟ್ಟ ದಿನ. ಬಸವ ಜಯಂತಿಯೂ ಇದೇ ತಿಥಿಗೆ ಬರುತ್ತದೆ. ಹೊನ್ನಿನಲ್ಲಿ ಒಂದು ಒರೆಯನ್ನಾಗಲಿ ಸೀರೆಯಲ್ಲಿ ಒಂದು ಎಳೆಯನ್ನಾಗಲಿ ನಾಳೆಗೆಂದು ಬಯಸೆನು ಎಂದು ಆಣೆಯಿಟ್ಟ ಬಸವಣ್ಣನವರ ಜಯಂತಿಯ ಶುಭಾಶಯ ಚಿನ್ನದಂಗಡಿಯ ಜಾಹೀರಾತಿನ ಮೂಲೆಯಲ್ಲಿ ಅಚ್ಚಾದರೂ ಯಾರಿಗೂ ಕಸಿವಿಸಿಯಾದಂತೆ ಕಾಣುವುದಿಲ್ಲ.

ಕೆಲವು ವರ್ಷಗಳ ಹಿಂದೆ ಆ ದಿನ ಬೆಳಿಗ್ಗೆ ಏಳಕ್ಕೇ ಅಮ್ಮನೊಂದಿಗೆ ಅಂಗಡಿಗೆ ಹೋಗಿದ್ದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಟೋಕನ್ ಹಿಡಿದು ದರ್ಶನಕ್ಕೆ ನಿಂತಂತೆ ಸಾಲಿನಲ್ಲಿ ನಿಂತೆವು. ಮೊದಲು ಕುಂಕುಮ, ಆಮೇಲೆ ಸಿಹಿ, ಕೊನೆಗೆ ಬಿಲ್ಲು. ಪ್ಲಾಸ್ಟಿಕ್ ಕಾರ್ಡಿನೊಳಗೆ ಸೀಲಾಗಿದ್ದ ಅರ್ಧ ಗ್ರಾಂ ನಾಣ್ಯವನ್ನು ಅಮ್ಮ ಬಿಡಿಸದೆಯೇ ಲಕ್ಷ್ಮಿಯ ಪಟದ ಮುಂದಿಟ್ಟು ಆರತಿ ಎತ್ತಿದರು. ನಾನು ಬಿಲ್ಲನ್ನು ಓದುತ್ತಿದ್ದೆ. ಚಿನ್ನದ ಬೆಲೆಯ ಮೇಲೆ ಮೇಕಿಂಗ್ ಚಾರ್ಜು, ಶೇ 3ರಷ್ಟು ಜಿಎಸ್‌ಟಿ; ಮರುದಿನವೇ ಮಾರಲು ಹೋದರೆ ಇವೆರಡೂ ಕೈಗೆ ಬರುವುದಿಲ್ಲ, ಅಂದರೆ ಅಕ್ಷಯವಾಗಲೆಂದು ಕೊಂಡದ್ದು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲೇ ಒಂದಿಷ್ಟು ಕ್ಷಯಿಸಿರುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. "ಮಾರೋಕೆ ಅಂತ ಯಾರು ತಂದ್ರು?" ಎಂದರು.

ಆ ಮಾತಿನ ಮುಂದೆ ನನ್ನ ಲೆಕ್ಕ ನಿಲ್ಲಲಿಲ್ಲ, ಏಕೆಂದರೆ ಅವರ ಪಾಲಿಗೆ ಅದು ಖರೀದಿಯಾಗಿರಲೇ ಇಲ್ಲ. ಭಕ್ತಿ ಕಡಿಮೆಯಾಗಿದೆ ಎಂದು ನಾನು ಹೇಳಲಾರೆ. ಕೊಡುತ್ತಿದ್ದ ಕೈ ತರುವ ಕೈಯಾಗಿದೆ, ಅಷ್ಟೇ. ಅಜ್ಜಿ ಆ ದಿನ ಬಾಗಿಲಿಗೆ ಬಂದವರಿಗೆಲ್ಲ ನೀರುಮಜ್ಜಿಗೆ, ಕೋಸಂಬರಿ ಕೊಡುತ್ತಿದ್ದರಂತೆ. ಆ ರೂಢಿ ನಮ್ಮ ಮನೆಯಲ್ಲಿ ಯಾವ ವರ್ಷ ನಿಂತಿತೆಂಬುದು ಅಮ್ಮನಿಗೂ ನೆನಪಿಲ್ಲ.