ಥೈರಾಯ್ಡ್ ಮಾತ್ರೆ ಲಿವರಿನಲ್ಲಿ ಕೂತುಬಿಡುತ್ತದಾ?

ಪ್ರಶ್ನೆ: ಹದಿನಾಲ್ಕು ವರ್ಷದಿಂದ 100 ಮೈಕ್ರೋಗ್ರಾಂ ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದೇನೆ. ಇಷ್ಟು ವರ್ಷದ ಮಾತ್ರೆ ಲಿವರಿನಲ್ಲಿ ಕೂತಿರುತ್ತದೆ, ಎರಡು ತಿಂಗಳು ನಿಲ್ಲಿಸಿ ಕಷಾಯ ಕುಡಿದು ಮೈ ಶುದ್ಧಿ ಮಾಡಿಕೊಳ್ಳಿ ಎಂದು ನಮ್ಮ ಸೊಸೈಟಿಯ ಒಬ್ಬರು ಹೇಳಿದರು. ಅವರ ಅತ್ತಿಗೆ ನಿಲ್ಲಿಸಿ ಹದಿನೈದು ದಿನವಾಯಿತಂತೆ, ಆರಾಮಾಗಿದ್ದಾರಂತೆ. ನಾನೂ ನಿಲ್ಲಿಸಲೇ? (ಡೊಂಬಿವಲಿ)

ಉತ್ತರ: ಬೇಡ. ಮಾಟುಂಗ, ಮುಲುಂಡ್, ಪಿಂಪ್ರಿ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಕಷಾಯದ ಹೆಸರು ಬೇರೆ, ಕಥೆ ಒಂದೇ. ಓದಿ ಓದಿ ಸಾಕಾಗಿದೆ, ಹಾಗಾಗಿ ಈ ಸಲದ ಜಾಗವೆಲ್ಲ ಹೆಚ್ಚುಕಡಿಮೆ ಇದಕ್ಕೇ. ಮಾತ್ರೆಯನ್ನು ಖಾಲಿ ಹೊಟ್ಟೆಗೆ ತೆಗೆದುಕೊಳ್ಳಬೇಕು ಎಂಬುದನ್ನೆಲ್ಲ ಮತ್ತೆ ಹೇಳುವುದಿಲ್ಲ.

ಥೈರಾಕ್ಸಿನ್, ಅಂದರೆ ಟಿ4, ಥೈರಾಯ್ಡ್ ಗ್ರಂಥಿಯ ಹಾರ್ಮೋನ್. ಅದರ ಅಣುವಿನಲ್ಲಿ ಎರಡು ಉಂಗುರ, ನಾಲ್ಕು ಅಯೋಡಿನ್ ಪರಮಾಣುಗಳಿವೆ. ದೇಹ ಅದನ್ನು ಒಡೆಯುವುದು ಮುಖ್ಯವಾಗಿ ಈ ಅಯೋಡಿನ್ ಕಿತ್ತು. ಹೊರಗಿನ ಉಂಗುರದಿಂದ ಒಂದನ್ನು ಕಿತ್ತರೆ ಟಿ3 ಆಗುತ್ತದೆ. ಜೀವಕೋಶದಲ್ಲಿ ನಿಜವಾಗಿ ಕೆಲಸ ಮಾಡುವುದು ಇದೇ. ಒಳಗಿನ ಉಂಗುರದಿಂದ ಕಿತ್ತರೆ ರಿವರ್ಸ್ ಟಿ3, ಅದು ಕೆಲಸಕ್ಕೆ ಬಾರದ್ದು. ಎರಡೂ ಮುಂದೆ ಉಳಿದ ಅಯೋಡಿನ್ ಕಳೆದುಕೊಳ್ಳುತ್ತಾ ಮುಗಿದುಹೋಗುತ್ತವೆ. ಟಿ4ನ ಸುಮಾರು ಶೇ 80 ಭಾಗ ಈ ದಾರಿ ಹಿಡಿಯುತ್ತದೆ. ಬಿಡುಗಡೆಯಾದ ಅಯೋಡಿನ್ ಸ್ವಲ್ಪ ಥೈರಾಯ್ಡಿಗೆ ವಾಪಸ್ ಹೋಗುತ್ತದೆ, ಉಳಿದದ್ದು ಮೂತ್ರಕ್ಕೆ.

ಮಿಕ್ಕ ಪಾಲಿಗೆ ಲಿವರ್ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸುತ್ತದೆ. ಆಗ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಪಿತ್ತರಸದ ಜೊತೆ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಆ ಅಂಟು ಬಿಡಿಸಿದರೆ ಸ್ವಲ್ಪ ಹಾರ್ಮೋನ್ ಮತ್ತೆ ರಕ್ತ ಸೇರುತ್ತದೆ. ಉಳಿದದ್ದು ಮಲದಲ್ಲಿ ಹೊರಗೆ. ದಿನಾ ಹೀಗೆ ಹೋಗುತ್ತಿರುವುದರಿಂದಲೇ ಅಲ್ವಾ ನಿಮಗೆ ದಿನಾ ಮಾತ್ರೆ ಬೇಕಾಗಿರುವುದು?

ಈಗ ಆ ಅತ್ತಿಗೆಯ ಹದಿನೈದು ದಿನಕ್ಕೆ ಬರೋಣ. ರಕ್ತದಲ್ಲಿರುವ ಟಿ4ನ ಶೇ 99ಕ್ಕಿಂತ ಜಾಸ್ತಿ ಭಾಗ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದು ಬೇಗ ಒಡೆಯುವುದಿಲ್ಲ. ಹಾಗಾಗಿ ಅದು ಅರ್ಧ ಖಾಲಿಯಾಗಲು ಸುಮಾರು 7 ದಿನ ಹಿಡಿಯುತ್ತದೆ. ಟಿ3ಗೆ ಒಂದು ದಿನ ಸಾಕು. ನಿಲ್ಲಿಸಿದ ಒಂದು ವಾರಕ್ಕೆ ಮಾತ್ರೆಯ ಟಿ4 ಅರ್ಧ ಉಳಿದಿರುತ್ತದೆ, ಎರಡು ವಾರಕ್ಕೆ ಕಾಲು, ಐದು ವಾರಕ್ಕೆ ಲೆಕ್ಕಕ್ಕಿಲ್ಲದಷ್ಟು. ಮೊದಲ ಹದಿನೈದು ದಿನ ಆರಾಮಾಗಿದ್ದರೆ ಅದು ಹಳೆ ಮಾತ್ರೆಯ ಪುಣ್ಯ, ಕಷಾಯದ್ದಲ್ಲ. ಕಷಾಯದವರ ವ್ಯಾಪಾರ ನಡೆಯುವುದೇ ಈ ಹದಿನೈದು ದಿನದ ಮೇಲೆ. ಸುಸ್ತು, ಮಲಬದ್ಧತೆ, ಮುಖದ ಬಾವು ಶುರುವಾಗುವ ಹೊತ್ತಿಗೆ ಅವರ ದುಡ್ಡು ಅವರಿಗೆ ಸೇರಿರುತ್ತದೆ. ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡವರು, ಗರ್ಭಿಣಿಯರು ಈ ಆಟ ಆಡಲೇಬಾರದು. ವಯಸ್ಸಾದವರು ಮಾತ್ರೆ ಬಿಟ್ಟು, ಮೈ ತಣ್ಣಗಾಗಿ ಎಚ್ಚರ ತಪ್ಪಿ ಐಸಿಯು ಸೇರುವುದೂ ಉಂಟು.

ನಿಜವಾಗಿ ಚಿಂತಿಸಬೇಕಾದದ್ದು ಬೇರೆ, ಅದನ್ನು ಯಾರೂ ಕೇಳುವುದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪೀನ್ ಮಾತ್ರೆಗಳು ಥೈರಾಕ್ಸಿನನ್ನು ಒಡೆದು ಹೊರಹಾಕುವ ಲಿವರಿನ ಕೆಲಸವನ್ನು ಚುರುಕು ಮಾಡುತ್ತವೆ. ನಿನ್ನೆವರೆಗೆ ಸಾಕಾಗುತ್ತಿದ್ದ ಡೋಸ್ ಸಾಲದೆ, ಥೈರಾಯ್ಡಿಗೆ ಇನ್ನೂ ಕೆಲಸ ಮಾಡು ಎಂದು ಮೆದುಳಿನಡಿಯ ಗ್ರಂಥಿ ಕಳಿಸುವ ಹಾರ್ಮೋನ್ ಟಿಎಸ್‌ಎಚ್ ಏರುತ್ತದೆ. ಮುಂಬೈಯಲ್ಲಿ ಟಿಬಿ ಏನು ಅಪರೂಪವೇ? ಟಿಬಿ ಕೋರ್ಸ್ ಶುರುವಾದರೆ ನಿಮ್ಮ ಥೈರಾಯ್ಡ್ ವೈದ್ಯರಿಗೆ ಹೇಳಿ, ಟಿಎಸ್‌ಎಚ್ ನೋಡಿಸಿ. ಕೋರ್ಸ್ ಮುಗಿದ ಮೇಲೂ ಇನ್ನೊಮ್ಮೆ ನೋಡಿಸಿ. ಈ ಎರಡನೆಯದನ್ನೇ ಜನ ಮರೆಯುತ್ತಾರೆ. ಲಿವರ್ ಹಳೆ ವೇಗಕ್ಕೆ ಬಂದಿರುತ್ತದೆ, ಡೋಸ್ ಮಾತ್ರ ಏರಿಸಿದಲ್ಲೇ ಇರುತ್ತದೆ, ಎದೆ ಡವಡವ ಎನ್ನುತ್ತದೆ. ಅರವತ್ತು ದಾಟಿದವರ ವಿಷಯದಲ್ಲಿ ನನಗೆ ಇದೇ ಜಾಸ್ತಿ ಭಯ.

ಪ್ರಶ್ನೆ: ರೈಲಿನಲ್ಲಿ ಊರಿಗೆ ಹೋಗುವಾಗ ಒಂದು ದಿನ ಮಾತ್ರೆ ತಪ್ಪಿತು. ಏನಾದರೂ ಆಗುತ್ತದಾ? (ಥಾಣೆ)

ಉತ್ತರ: ಮೇಲಿನ 7 ದಿನದ ಲೆಕ್ಕ ಓದಿ. ಏನೂ ಆಗುವುದಿಲ್ಲ.

ಪ್ರಶ್ನೆ: ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದರೆ ಮಾತ್ರೆ ಬಿಡಬಹುದೇ? (ಪುಣೆ)

ಉತ್ತರ: ಇಲ್ಲ. ಕೊತ್ತಂಬರಿ ಬೀಜ ಸಾರಿನ ಪುಡಿಗೆ ಇರಲಿ.

ಪ್ರಶ್ನೆ: ಡೋಸ್ ಬದಲಾಯಿಸಿ ಹತ್ತು ದಿನಕ್ಕೇ ಟೆಸ್ಟ್ ಮಾಡಿಸಿದೆ, ಟಿಎಸ್‌ಎಚ್ ಸರಿಹೋಗಿಲ್ಲ. (ವಾಶಿ)

ಉತ್ತರ: ಸುಮ್ನೆ ಲ್ಯಾಬಿಗೆ ದುಡ್ಡು ಕೊಟ್ಟಿರಿ. 6ರಿಂದ 8 ವಾರ ಬಿಟ್ಟು ಮಾಡಿಸಿ.

ಪ್ರಶ್ನೆ: ಲ್ಯಾಬಿನ ಟೆಸ್ಟ್ ಪ್ಯಾಕೇಜಿನಲ್ಲಿ ರಿವರ್ಸ್ ಟಿ3 ಜಾಸ್ತಿ ಬಂದಿದೆ. ಆ ವಾರ ಜ್ವರ ಇತ್ತು, ಊಟ ಸೇರುತ್ತಿರಲಿಲ್ಲ. (ಮಡಗಾಂವ್)

ಉತ್ತರ: ಉತ್ತರ ನೀವೇ ಬರೆದಿದ್ದೀರಿ. ಕಾಯಿಲೆ ಬಿದ್ದಾಗ, ಹೊಟ್ಟೆಗೆ ಸರಿಯಾಗಿ ಹೋಗದಿದ್ದಾಗ ಅದು ಏರುವುದು ಸಹಜ. ಆ ಪ್ಯಾಕೇಜ್ ಇನ್ನೊಮ್ಮೆ ಬೇಡ.