ಕಹಳೆ ಎಲ್ಲೈತಿ?

ನಮಸ್ಕಾರ.

ನಿಮ್ಮ ಯುದ್ಧದಾಟದ ನಿಯಮ ಪುಸ್ತಕದ ಮೂವತ್ತೆರಡು ಪುಟ ಓದಿದೆ, ಆಡಿಯೂ ನೋಡಿದೆ. ಈ ಕಾಗದ ಅದರ ಹೆಸರಿನ ಬಗ್ಗೆ. ಇಲ್ಲೇ ರಾಯಚೂರಿನ ಮನೆಯ ಪಡಸಾಲೆಯಲ್ಲಿ ಚಾದರ ಹಾಸಿ, ನೀಲಿ ರಿಬ್ಬನ್ನನ್ನೇ ಕೃಷ್ಣೆ ಮಾಡಿದೆವು. ನೀವು ಹೇಳಿದ 28 ಮಿಲಿಮೀಟರಿನ ಬೊಂಬೆಗಳು ನಮ್ಮಲ್ಲಿಲ್ಲ. ಕಾಲಾಳಿಗೆ ಹುಣಸೆ ಬೀಜ, ತೋಪಿಗೆ ಸೋಡಾ ಮುಚ್ಚಳ. ಎದುರಿಗೆ ಅಕ್ಕನ ಮಗ, ಒಂಬತ್ತನೇ ಕ್ಲಾಸು. ಸೋತ ಮೇಲೆ ಅವನು ಮುಖಪುಟ ನೋಡಿ ಕೇಳಿದ: "ಮಾಮಾ, ರಣಕಹಳೆ ಅಂತ ಬರ್ದಾರಲ್ಲ, ಕಹಳೆ ಎಲ್ಲೈತಿ?"

ಹುಡುಕಿದೆ. ಎಲ್ಲೂ ಇಲ್ಲ.

'ರಣಕಹಳೆ: ದಖ್ಖನ್ನಿನ ಸಮಗ್ರ ಯುದ್ಧ ನಿಯಮಾವಳಿ'. ಈ ಹೆಸರು ಯಾವ ಆಟಕ್ಕೂ ಒಪ್ಪುತ್ತದೆ, ಅದಕ್ಕೇ ನಿಮ್ಮದಕ್ಕೆ ಬೇಡ. 'ಸಮಗ್ರ' ಅಂತೂ ಶುದ್ಧ ಸುಳ್ಳು. ಒಳಗಿರುವುದು ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ರಾಯಚೂರಿನ ಒಂದೇ ಕಾಳಗ. 1565ರ ತಾಳಿಕೋಟೆ ಸಿಗುತ್ತದೆಂದು ದುಡ್ಡು ಕೊಟ್ಟವನು ನಿಮ್ಮನ್ನು ಬೈಯದೆ ಬಿಡುತ್ತಾನೆಯೇ? ಅಂದಹಾಗೆ ಮುಖಪುಟದಲ್ಲಿ 1522, ಒಳಗೆ 1520. ಆ ಕಾಲದ ಪೋರ್ಚುಗೀಸ್ ಬರಹಗಾರ ನೂನಿಸ್ ಬರೆದದ್ದು 1522, ನಿಜ. ಇತಿಹಾಸಕಾರ ಸೀವೆಲ್ ಅವರು ವಾರ, ಅಮಾವಾಸ್ಯೆ ತಾಳೆ ನೋಡಿ ಅದನ್ನು 1520ಕ್ಕೆ ತಂದರು. ಎರಡೂ ಕಡೆ 1520 ಇಡಿ.

ನಮ್ಮ ಹಳೆಯ ಆಟಗಳು ಹೆಸರಿಗಾಗಿ ತಿಣುಕಿದ್ದಿಲ್ಲ. ಹುಲಿ-ಕುರಿ ಅಂದರೆ ಯಾರ ಮೇಲೆ ಯಾರು ಅಂತ ಗೊತ್ತಾಯಿತು. ಅಳಿಗುಳಿ ಮಣೆ ಅಂದರೆ ಏನು ಮುಂದಿಟ್ಟುಕೊಂಡು ಕೂರಬೇಕು ಅಂತ ಗೊತ್ತಾಯಿತು. ಚೌಕಾಬಾರಕ್ಕಂತೂ ಕವಡೆಯಲ್ಲಿ ಬೀಳುವ ನಾಲ್ಕು, ಎಂಟರದ್ದೇ ಹೆಸರು.

ಪತ್ರದ ಅಂಚಿನಲ್ಲಿ ಪೆನ್ಸಿಲಿನಿಂದ 'ಫಿರಂಗಿ' ಎಂದು ಗೀಚಿ ಹೊಡೆದುಹಾಕಿದ್ದೀರಿ. ಅದು ರಣಕಹಳೆಗಿಂತ ಎಷ್ಟೋ ಮೇಲು. ಆದರೆ ಕನ್ನಡದಲ್ಲಿ ಫಿರಂಗಿ ಅಂದರೆ ತೋಪೂ ಹೌದು, ಪರಂಗಿಯವನೂ ಹೌದು. ರಾಯನ ಕಡೆ ನಿಂತ ಪೋರ್ಚುಗೀಸ್ ಬಂದೂಕಿನವರು, ಫಿಗೆರೇದೋ ಮತ್ತು ಅವನ ಇಪ್ಪತ್ತು ಜನ, ಕೈ ತೋರಿಸಿದ್ದು ಕಾಳಗದ ನಂತರ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ, ಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆದು ಉರುಳಿಸಿ. ನಿಮ್ಮ ಆಟ ಹೊಳೆ ದಂಡೆಯಲ್ಲೇ ಮುಗಿಯುತ್ತದೆ, ಕೋಟೆಗೆ ಬರುವುದೇ ಇಲ್ಲ. ಹೊಡೆದುಹಾಕಿದ್ದು ಸರಿ.

'ಎಡೆದೊರೆ' ಎಂದಿಟ್ಟರೆ ಹೇಗೆ ಎಂದು ನನಗೂ ಒಂದು ರಾತ್ರಿ ಆಸೆಯಾಗಿತ್ತು. ಬೆಳಿಗ್ಗೆ ಬೇಡವೆನಿಸಿತು. ಕೃಷ್ಣೆ, ತುಂಗಭದ್ರೆ ಎಂಬ ಎರಡು ಹೊಳೆಗಳ ನಡುವಿನ ಈ ನೆಲಕ್ಕಾಗಿ ಬಹಮನಿಗಳ ಕಾಲದಿಂದ ಎಷ್ಟು ಸಲ ಹೊಡೆದಾಡಿದ್ದಾರೋ. ಇದು ಯಾವ ಸಲದ್ದು ಎಂದು ಹೆಸರು ಹೇಳುವುದಿಲ್ಲ.

ಈಗ ನಿಮ್ಮದೇ ಹತ್ತೊಂಬತ್ತನೇ ಪುಟ ತೆಗೆಯಿರಿ. ಆದಿಲ್ ಶಾಹಿ ತೋಪುಗಳು ಒಟ್ಟಿಗೆ ಹಾರುತ್ತವೆ, ರಾಯನ ಮುಂಪಡೆ ಒಡೆಯುತ್ತದೆ, ಆಮೇಲೆ ಮೂರು ಸರದಿ ತೋಪು ಬಾಯಿ ಬಿಡುವಂತಿಲ್ಲ. ಆ ಮೂರು ಸರದಿಯಲ್ಲಿ ನನ್ನ ಕುದುರೆಗಳು ನುಗ್ಗಿದವು. ಹುಡುಗ ಹಿಂದೆ ಸರಿದ, ಮತ್ತೂ ಸರಿದ, ಹನ್ನೊಂದು ಹುಣಸೆ ಬೀಜ ರಿಬ್ಬನ್ನಿಗೆ ಬಿದ್ದವು. ಅಲ್ಲಿ ನೀವು ಬರೆದ ಸಾಲು: "ಬೆನ್ನಿಗೆ ಹೊಳೆ ಇದ್ದವನಿಗೆ ಹಿಮ್ಮೆಟ್ಟುವ ನಡೆ ಇಲ್ಲ."

'ಬೆನ್ನಿಗೆ ಹೊಳೆ'. ಇದೇ ಹೆಸರು. ಇದನ್ನು ನಾನು ಕೊಡುತ್ತಿಲ್ಲ, ನೀವೇ ಬರೆದು ಮರೆತದ್ದು. ಕೆಳಗೆ ಸಣ್ಣಕ್ಷರದಲ್ಲಿ 'ರಾಯಚೂರು 1520. ಇಬ್ಬರಿಗೆ, ಒಂದು ಸಂಜೆಗೆ' ಎಂದಿರಲಿ. ಬೊಂಬೆಯ ಅಳತೆ ಹಿಂಬದಿಗೆ ಹೋಗಲಿ, ಹುಣಸೆ ಬೀಜವೂ ನಡೆಯುತ್ತದೆ ಎಂಬ ಮಾತಿನ ಜೊತೆ.

ಆನೆಗಳ ನಿಯಮದ ಬಗ್ಗೆ ಬೇರೆ ಕಾಗದ ಬರೆಯುತ್ತೇನೆ. ಅದರಲ್ಲಿ ಜಗಳವಿದೆ.