ಸ್ಪೀಡ್‌ವೇ ಗ್ರ್ಯಾನ್ ಪ್ರಿಯಲ್ಲಿ ವೈಲ್ಡ್ ಕಾರ್ಡ್ ಕೊಡುವುದು ನ್ಯಾಯವೇ?

ನೀವು ಕೇಳಿರುವುದು ಇಷ್ಟು: ವಿಶ್ವ ಚಾಂಪಿಯನ್‌ಷಿಪ್ ಅಂತ ಹೆಸರಿಟ್ಟುಕೊಂಡು, ಅರ್ಹತಾ ಸುತ್ತಿನ ಧೂಳು ಕುಡಿಯದವನನ್ನು ನೇರ ಒಳಗೆ ಕರೆಯುವುದು ಕಷ್ಟಪಟ್ಟು ಬಂದವರಿಗೆ ಮಾಡುವ ಮೋಸ ಅಲ್ಲವೇ? ಅಂಥವನು ಗೆದ್ದರೆ ಆ ಅಂಕ ಲೆಕ್ಕಕ್ಕಾದರೂ ಬರುತ್ತದೆಯೇ?

ಸ್ಪೀಡ್‌ವೇ ಅನ್ನುವ ಈ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನ ಬಗ್ಗೆ ಕನ್ನಡದಲ್ಲಿ ಪ್ರಶ್ನೆ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ, ಹಾಗಾಗಿ ಸ್ವಲ್ಪ ಉದ್ದ ಆದರೆ ಕ್ಷಮಿಸಿ. ಮೊದಲು ಒಂದು ಗಂಟು ಬಿಚ್ಚಬೇಕು. ಈ ಆಟದಲ್ಲಿ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವೈಲ್ಡ್ ಕಾರ್ಡ್‌ಗಳಿವೆ. ಒಂದು ರಾತ್ರಿಯದು ಒಂದು, ಇಡೀ ಸೀಸನ್‌ನದು ಇನ್ನೊಂದು. ಮೊದಲನೆಯದರ ಬಗ್ಗೆ ಜನ ಜಗಳ ಆಡುತ್ತಾರೆ. ನನಗೆ ಅದರಲ್ಲಿ ದೊಡ್ಡ ತಕರಾರಿಲ್ಲ. ಎರಡನೆಯದರ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ. ನನ್ನ ಹೊಟ್ಟೆಯುರಿ ಪೂರ್ತಿ ಅದರ ಮೇಲೆ.

ನಾನು ಹಾಸನದ ಕಡೆಯವನು, ಕೆಲಸದ ಮೇಲೆ ಪೋಲೆಂಡಿನ ವ್ರೊತ್ಸ್ವಾಫ್ ನಗರಕ್ಕೆ ಬಂದು ನೆಲೆಸಿದವನು. ಬಂದ ಮೊದಲ ಬೇಸಿಗೆಯಲ್ಲೇ ಆಫೀಸಿನ ಹಿರಿಯರೊಬ್ಬರು ಇಲ್ಲಿನ ಒಲಿಂಪಿಕ್ ಸ್ಟೇಡಿಯಂಗೆ ಕರೆದುಕೊಂಡು ಹೋದರು. ಇಲ್ಲಿ ಈ ಆಟಕ್ಕೆ ‘ಝುಝೆಲ್’ ಅನ್ನುತ್ತಾರೆ. ಅಂದರೆ ಕಿಟ್ಟ, ಕುಲುಮೆಯ ಬೂದಿ; ಹಿಂದೆ ಟ್ರ್ಯಾಕಿಗೆ ಹಾಸುತ್ತಿದ್ದುದೇ ಅದು. ಬ್ರೇಕ್ ಇಲ್ಲದ, ಒಂದೇ ಗೇರಿನ, ಮೆಥನಾಲ್ ಕುಡಿಯುವ 500 ಸಿಸಿ ಬೈಕು. ನಾಲ್ಕು ಜನ, ನಾಲ್ಕು ಸುತ್ತು, ಎಡಕ್ಕೇ ತಿರುಗುವುದು. ಮುಗಿಯುವುದಕ್ಕೆ ಒಂದು ನಿಮಿಷ ಸಾಕು. ಮೊದಲ ತಿರುವಿನ ಹತ್ತಿರ ಕೂತಿದ್ದರೆ ಮೈಮೇಲೆಲ್ಲ ಮಣ್ಣು. ಊರಿನ ಜಾತ್ರೆಯಿಂದ ಬಂದವನ ಹಾಗೆ ಮನೆಗೆ ಬಂದಿದ್ದೆ.

ಈಗ ಒಂದು ರಾತ್ರಿಯ ಕಾರ್ಡ್. ವಿಶ್ವ ಚಾಂಪಿಯನ್‌ಷಿಪ್ಪಿನ ಒಂದೊಂದು ಸುತ್ತಿಗೂ ಗ್ರ್ಯಾನ್ ಪ್ರಿ ಅಂತ ಹೆಸರು. ಒಂದು ಗ್ರ್ಯಾನ್ ಪ್ರಿಗೆ 16 ಸವಾರರು. ಅದರಲ್ಲಿ 15 ಜನ ವರ್ಷವಿಡೀ ಎಲ್ಲ ಸುತ್ತುಗಳಲ್ಲೂ ಇರುವವರು. ಹದಿನಾರನೆಯವನು ಆತಿಥೇಯ ದೇಶದವನು, ಆ ಒಂದು ರಾತ್ರಿಗೆ ಮಾತ್ರ. ಬೆನ್ನ ಮೇಲೆ 16 ಅಂತ ನಂಬರ್ ಹಾಕಿಕೊಂಡು ಬರುತ್ತಾನೆ. ಅವನ ಹಿಂದೆ 17, 18 ನಂಬರಿನ ಇಬ್ಬರು ಮೀಸಲು ಹುಡುಗರು ಇರುತ್ತಾರೆ. ಯಾರಾದರೂ ಸ್ಟಾರ್ಟಿನಲ್ಲಿ ಎದುರಿಗೆ ಕಟ್ಟಿದ ಟೇಪ್ ಮೇಲೇಳುವ ಮೊದಲೇ ನುಗ್ಗಿ ಅದನ್ನು ಹರಿದು ಹೊರಬಿದ್ದರೆ ಇವರಿಗೆ ಒಂದು ಹೀಟ್, ಅಂದರೆ ನಾಲ್ಕು ಜನರ ಒಂದು ಓಟ, ಸಿಕ್ಕೀತು, ಇಲ್ಲದಿದ್ದರೆ ರಾತ್ರಿಯೆಲ್ಲ ಕಾದು ಬೈಕನ್ನು ವ್ಯಾನಿಗೆ ಏರಿಸಿಕೊಂಡು ಮನೆಗೆ.

ಈ 16ನೇ ನಂಬರ್ ಉಳಿದವರಿಗೆ ಅನ್ಯಾಯ ಮಾಡುತ್ತಾನೆಯೇ? ಒಂದು ಸಣ್ಣ ಲೆಕ್ಕ ನೋಡಿ. ಮೊದಲ ಹಂತದಲ್ಲಿ 20 ಹೀಟ್. ಒಬ್ಬೊಬ್ಬನಿಗೆ ಐದು ಓಟ, ಪ್ರತಿ ಓಟದಲ್ಲಿ ಮೂವರು ಎದುರಾಳಿಗಳು. ಐದು ಮೂರಲ ಹದಿನೈದು. ಅಂದರೆ ಪ್ರತಿಯೊಬ್ಬನೂ ಉಳಿದ ಹದಿನೈದು ಜನರನ್ನು ತಲಾ ಒಂದೇ ಸಲ ಎದುರಿಸುತ್ತಾನೆ, ಆ ಹದಿನೈದರಲ್ಲಿ ವೈಲ್ಡ್ ಕಾರ್ಡಿನವನೂ ಒಬ್ಬ. ಅವನು ಗಟ್ಟಿಗನಾದರೆ ಎಲ್ಲರಿಗೂ ಒಂದು ಸಲ ಗಟ್ಟಿ, ಪುಸಕಲಾದರೆ ಎಲ್ಲರಿಗೂ ಒಂದು ಸಲ ಪುಸಕಲು. ಟೆನಿಸ್ಸಿನಲ್ಲಿ ವೈಲ್ಡ್ ಕಾರ್ಡಿನವನು ಯಾರೋ ಒಬ್ಬನ ಪಾಲಿಗೆ ಬೀಳುತ್ತಾನೆ, ಡ್ರಾ ಒಬ್ಬನಿಗೆ ಸಿಹಿ ಇನ್ನೊಬ್ಬನಿಗೆ ಕಹಿ ಆಗುತ್ತದೆ. ಇಲ್ಲಿ ಕಹಿಯನ್ನು ಸಮವಾಗಿ ಹಂಚಿರುತ್ತಾರೆ. ಈ ಲೆಕ್ಕವನ್ನು ನನಗೆ ಹೇಳಿಕೊಟ್ಟಿದ್ದೂ ಅದೇ ಆಫೀಸಿನ ಹಿರಿಯರು, ಬಿಯರ್ ಲೋಟದ ಕೆಳಗಿನ ರಟ್ಟಿನ ಮೇಲೆ ಬರೆದು.

ಈ ಸಮಾನತೆ ಪೂರ್ತಿ ಸಮಾನತೆ ಅಲ್ಲ ಅನ್ನಿ. ಯಾವ ಗೇಟಿನಿಂದ, ಅಂದರೆ ಸ್ಟಾರ್ಟ್ ಗೆರೆಯ ನಾಲ್ಕು ಜಾಗಗಳಲ್ಲಿ ಯಾವುದರಿಂದ, ಹೊರಟಾಗ ಅವನು ಎದುರಾದ ಅನ್ನುವುದು ಮುಖ್ಯ. ಒಳಗಿನ ಗೇಟು ಚೆನ್ನಾಗಿರುವ ರಾತ್ರಿ ಅವನು ಒಳಗೆ, ನೀವು ಹೊರಗೆ ಇದ್ದರೆ ನಿಮ್ಮ ಗ್ರಹಚಾರ. ಇಪ್ಪತ್ತು ಹೀಟ್ ಮುಗಿದ ಮೇಲೆ ನಾಕೌಟ್ ಬಂದಾಗ ಈ ಹಂಚಿಕೆಯ ಮಾತೂ ಮುಗಿಯಿತು.

ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ: ಮನೆಯಂಗಳ. ವೈಲ್ಡ್ ಕಾರ್ಡ್ ಹಿಡಿದು ಬಂದು ಗೆದ್ದವರನ್ನು ನೋಡಿ. 2012ರಲ್ಲಿ ಡೆನ್ಮಾರ್ಕಿನ ವೊಯೆನ್ಸ್‌ನಲ್ಲಿ ಡೇನ್ ಹುಡುಗ ಮೈಕಲ್ ಯೆಪ್ಸನ್ ಯೆನ್ಸನ್. 2013ರಲ್ಲಿ ತೊರುನ್‌ನಲ್ಲಿ ಆದ್ರಿಯಾನ್ ಮ್ಯೆಜಿನ್ಸ್ಕಿ. ತೊರುನ್ ಅವನ ಕ್ಲಬ್ಬಿನ ಟ್ರ್ಯಾಕ್. 2014ರಲ್ಲಿ ಗೊಝುಫ್‌ನಲ್ಲಿ 19 ವರ್ಷದ ಬಾರ್ತೊಶ್ ಜ್ಮಾಝ್ಲಿಕ್. ಅದೂ ಅವನ ಕ್ಲಬ್ಬಿನ ಟ್ರ್ಯಾಕೇ. ಲೀಗಿನಲ್ಲಿ ವಾರ ವಾರ ಓಡಿಸುವ ಮಣ್ಣು. ಮೂರನೇ ತಿರುವಿನಲ್ಲಿ ಎಲ್ಲಿ ಹಿಡಿತ ಸಿಗುತ್ತದೆ, ಎಲ್ಲಿ ಜಾರುತ್ತದೆ ಅನ್ನುವುದು ಕಣ್ಣು ಮುಚ್ಚಿದರೂ ಗೊತ್ತು. ವಿಮಾನದಲ್ಲಿ ಬಂದು ಅಭ್ಯಾಸದಲ್ಲಿ ನಾಲ್ಕು ಸುತ್ತು ಹಾಕಿದ ಆಸ್ಟ್ರೇಲಿಯಾದವನಿಗೆ ಅದು ಎಲ್ಲಿಂದ ಬರಬೇಕು? ಆದರೆ ಪೋಲೆಂಡಿನ ಲೀಗಿನಲ್ಲೇ ಈ ಆಟದ ದುಡ್ಡೆಲ್ಲ ಇರುವುದರಿಂದ, ಆ ಆಸ್ಟ್ರೇಲಿಯಾದವನೂ ಇಲ್ಲಿನ ಯಾವುದೋ ಕ್ಲಬ್ಬಿಗೆ ಓಡಿಸುವವನೇ ಆಗಿರುತ್ತಾನೆ, ಅವನಿಗೂ ಇಲ್ಲೊಂದು ಮನೆಯಂಗಳ ಇರುತ್ತದೆ. ಖಾಯಂ ಹದಿನೈದರಲ್ಲಿ ಇಬ್ಬರು ಮೂವರಿಗೆ ಒಂದೊಂದು ಊರು ತವರೇ. ಹದಿನಾರನೆಯವನಿಗೆ ಮಾತ್ರ ತವರಿನ ಲಾಭ ಸಿಕ್ಕಿತು ಅಂತ ಹೊಯ್ಕೊಳ್ಳುವುದು ಅಷ್ಟು ಸರಿ ಕಾಣುವುದಿಲ್ಲ.

ಜ್ಮಾಝ್ಲಿಕ್ ವಿಷಯ ಇನ್ನೂ ಸ್ವಲ್ಪ ಹೇಳಬೇಕು. 2012ರಲ್ಲಿ ಅವನಿಗೆ ಇದೇ ಗೊಝುಫ್‌ನಲ್ಲಿ ವೈಲ್ಡ್ ಕಾರ್ಡ್ ಕೊಟ್ಟಾಗ ವಯಸ್ಸು 17. ಮೂರನೇ ಸ್ಥಾನ. ಎರಡು ವರ್ಷದ ಮೇಲೆ ಅದೇ ಟ್ರ್ಯಾಕಿನಲ್ಲಿ ಗೆದ್ದು, ಗ್ರ್ಯಾನ್ ಪ್ರಿ ಗೆದ್ದವರಲ್ಲೇ ಅತಿ ಕಿರಿಯ ಅನಿಸಿಕೊಂಡ. 2019ರಲ್ಲಿ ವಿಶ್ವ ಚಾಂಪಿಯನ್, 2020ರಲ್ಲಿ ಮತ್ತೆ, ಆಮೇಲೆ 2022ರಿಂದ 2025ರವರೆಗೆ ಬಿಡದೆ ನಾಲ್ಕು ಸಲ. ಅಂಥ ಹುಡುಗನನ್ನು ಜಗತ್ತಿನ ಘಟಾನುಘಟಿಗಳ ಪಕ್ಕ ಗೇಟಿನಲ್ಲಿ ನಿಲ್ಲಿಸಿ ನೋಡಲು ಬೇರೆ ದಾರಿ ಏನಿತ್ತು? ಹೀಗೆ ಬಳಸಿದಾಗ ಆ ಕಾರ್ಡ್ ಈ ಆಟಕ್ಕೆ ಬೇಕೇ ಬೇಕು ಅನಿಸುತ್ತದೆ.

ಬೇರೆ ಥರ ಬಳಸಿದ್ದೂ ಉಂಟು. 2015ರ ಏಪ್ರಿಲ್‌ನಲ್ಲಿ ವಾರ್ಸಾದ ರಾಷ್ಟ್ರೀಯ ಸ್ಟೇಡಿಯಂನಲ್ಲಿ ಮೊದಲ ಸಲ ಗ್ರ್ಯಾನ್ ಪ್ರಿ ನಡೆದಾಗ ವೈಲ್ಡ್ ಕಾರ್ಡ್ ಕೊಟ್ಟಿದ್ದು ತೊಮಾಶ್ ಗೋಲೊಬ್ ಅವರಿಗೆ. 2010ರ ವಿಶ್ವ ಚಾಂಪಿಯನ್, ಆಗ 44 ವರ್ಷ, ವಿದಾಯದ ರಾತ್ರಿ. ಸ್ಟೇಡಿಯಂ ತುಂಬಿತ್ತು. ಆದರೆ ಸ್ಟಾರ್ಟಿನ ಟೇಪ್ ಯಂತ್ರ ಕೈಕೊಟ್ಟಿತು, ತಾತ್ಕಾಲಿಕವಾಗಿ ಹಾಸಿದ ಟ್ರ್ಯಾಕ್ ಕಿತ್ತುಬಂತು, 12 ಹೀಟ್ ಆದ ಮೇಲೆ ಎಲ್ಲ ನಿಲ್ಲಿಸಿ ಸ್ಲೊವೇನಿಯಾದ ಮಾತೆಯ್ ಝಾಗರ್‌ನನ್ನು ವಿಜೇತ ಅಂದುಬಿಟ್ಟರು. ಅಲ್ಲಿ ಆ ಸೀಟು ಸಿಕ್ಕಿದ್ದು ಫಾರ್ಮಿಗಲ್ಲ, ಗೌರವಕ್ಕೆ. ಟಿಕೆಟ್ಟಿಗೆ ಅಂತಲೂ ಹೇಳಬಹುದು. ಆ ಜಾಗದಲ್ಲಿ ಇಪ್ಪತ್ತು ವರ್ಷದ ಯಾವುದೋ ಹುಡುಗ ಇರಬೇಕಿತ್ತು ಅಂತ ಆಫೀಸಿನಲ್ಲಿ ಒಂದು ಸಲ ಬಾಯಿ ಬಿಟ್ಟು, ಮಧ್ಯಾಹ್ನ ಊಟಕ್ಕೆ ಒಬ್ಬನೇ ಕೂರಬೇಕಾಯಿತು. ಗೋಲೊಬ್ ಬಗ್ಗೆ ಇಲ್ಲಿ ಹಾಗೆಲ್ಲ ಮಾತಾಡಬಾರದು.

ಒಂದು ರಾತ್ರಿಯ ಕಾರ್ಡಿನ ಕಥೆ ಇಷ್ಟೇ. ಹೆಚ್ಚೆಂದರೆ ಒಂದು ಸುತ್ತಿನ ಫಲಿತಾಂಶ ಕಲಕುತ್ತದೆ. ಇನ್ನು ಸೀಸನ್ ಕಾರ್ಡ್.

ಆ ಖಾಯಂ 15 ಜನ ಎಲ್ಲಿಂದ ಬರುತ್ತಾರೆ? 2013ರ ಸೀಸನ್‌ಗೆ ಇದ್ದ ಲೆಕ್ಕ: ಹಿಂದಿನ ವರ್ಷದ ಮೊದಲ ಎಂಟು ಜನ, ‘ಗ್ರ್ಯಾನ್ ಪ್ರಿ ಚಾಲೆಂಜ್’ ಅನ್ನುವ ಅರ್ಹತಾ ಫೈನಲ್‌ನಿಂದ ಮೂವರು, ಉಳಿದ ನಾಲ್ವರು ಆಯ್ಕೆ ಮಂಡಳಿ ಕರೆದವರು. ಆಮೇಲೆ ಆ ಎಂಟು ಆರಕ್ಕೆ ಇಳಿಯಿತು, ಯುರೋಪಿಯನ್ ಚಾಂಪಿಯನ್‌ಗೆ ಒಂದು ಸೀಟು ಬಂತು. ಆದರೆ ಕರೆದು ಕೊಡುವ ಸೀಟುಗಳು ಹೋಗಲಿಲ್ಲ. ವರ್ಷವಿಡೀ ಹಾಡುಹಗಲಲ್ಲೇ ಎಲ್ಲರ ಕಣ್ಣೆದುರು ಓಡಿಸಿ ಏಳನೆಯವನಾಗಿ ಮುಗಿಸಿದವನು, ಮುಂದಿನ ವರ್ಷ ತಾನು ಇದ್ದೇನೋ ಇಲ್ಲವೋ ಅಂತ ಒಂದು ಫೋನ್ ಕರೆಗೆ ಕಾಯಬೇಕು. ಕರೆ ಬಂದರೆ ಯಾಕೆ ಬಂತು, ಬರದಿದ್ದರೆ ಯಾಕೆ ಬರಲಿಲ್ಲ ಅಂತ ಅವನಿಗೂ ನಮಗೂ ಅಂಕಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಬರೀ ಅರ್ಹತೆ ಅಂದುಕೊಂಡು ಹೋದರೆ ಪೋಲೆಂಡಿನವರೇ ತುಂಬಿಕೊಳ್ಳುವ ಭಯ ಇದೆ. ಜೆಕ್, ಜರ್ಮನಿ, ಬ್ರಿಟನ್‌ಗಳಲ್ಲಿ ಒಂದೊಂದು ಸುತ್ತು ನಡೆಸಬೇಕು, ಟಿಕೆಟ್ ಮಾರಬೇಕು, ಟೀವಿಯವರಿಗೆ ನಾನಾ ಬಾವುಟ ತೋರಿಸಬೇಕು. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಮಾರುಕಟ್ಟೆ ಇಲ್ಲದೆ ಚಾಂಪಿಯನ್‌ಷಿಪ್ ನಡೆಯುವುದಿಲ್ಲ. ಹಳೆಯ ಕಾಲದಲ್ಲೂ ಶುದ್ಧ ಅರ್ಹತೆ ಏನಿರಲಿಲ್ಲ. 1936ರಿಂದ 1994ರವರೆಗೆ ವಿಶ್ವ ಚಾಂಪಿಯನ್ ಒಂದೇ ರಾತ್ರಿಯ ಫೈನಲ್‌ನಲ್ಲಿ ತೀರ್ಮಾನ ಆಗುತ್ತಿದ್ದ, ಫೈನಲ್ಲಿಗೆ ಬರಲು ಒಂದೊಂದು ವಲಯಕ್ಕೆ ಇಂತಿಷ್ಟು ಜಾಗ ಅಂತ ಹಂಚಿಕೆ. 1973ರಲ್ಲಿ ಪೋಲೆಂಡಿನ ಹೊಝುಫ್‌ನಲ್ಲಿ ತವರಿನ ಜನಸಾಗರದ ಎದುರು ಯೆಝಿ ಶ್ಚಾಕ್ಯೆಲ್ ಗೆದ್ದಿದ್ದು ನ್ಯೂಜಿಲೆಂಡಿನ ಐವನ್ ಮೇಜರ್ ವಿರುದ್ಧದ ಹೆಚ್ಚುವರಿ ಓಟದಲ್ಲಿ, ಅದೂ ಮೇಜರ್ ಜಾರಿ ಬಿದ್ದ ಮೇಲೆ. 1995ರಲ್ಲಿ ಗ್ರ್ಯಾನ್ ಪ್ರಿ ಸರಣಿ ಶುರು ಮಾಡಿದ್ದೇ ಒಂದು ರಾತ್ರಿಯ ಅದೃಷ್ಟ ಸಾಕು, ವರ್ಷವಿಡೀ ಅಳೆಯೋಣ ಅಂತ. ವರ್ಷವಿಡೀ ಅಳೆದು ಕೊನೆಗೆ ಪಟ್ಟಿಯ ಅರ್ಧವನ್ನು ಪಕ್ಕಕ್ಕಿಡುವುದಾದರೆ ಅಳೆದಿದ್ದು ಯಾಕೆ? ನನ್ನ ಸಿಟ್ಟು ಇಲ್ಲಿದೆ.

ಆದರೆ ನನ್ನ ಸಿಟ್ಟಿಗೆ ನೀರು ಎರಚುವ ಒಂದು ರಾತ್ರಿ ಇದೆ: 2013ರ ಅಕ್ಟೋಬರ್ 5, ತೊರುನ್, ಸೀಸನ್ನಿನ ಕೊನೆಯ ಸುತ್ತು. ಆವತ್ತು ಸುತ್ತನ್ನು ಗೆದ್ದವನು, ಆಗಲೇ ಹೇಳಿದ ಹಾಗೆ, ಒಂದು ರಾತ್ರಿಯ ವೈಲ್ಡ್ ಕಾರ್ಡ್ ಮ್ಯೆಜಿನ್ಸ್ಕಿ. ಅದೇ ರಾತ್ರಿ ವಿಶ್ವ ಚಾಂಪಿಯನ್ ಆದವನು ಇಂಗ್ಲೆಂಡಿನ ಟೈ ವೊಫಿಂಡನ್. ಆ ವರ್ಷ ಅವನು ಒಳಗೆ ಬಂದಿದ್ದೇ ಸೀಸನ್ ವೈಲ್ಡ್ ಕಾರ್ಡಿನಲ್ಲಿ! 2010ರಲ್ಲಿ, 19 ವಯಸ್ಸಿನಲ್ಲಿ, ಇದೇ ಸರಣಿಯಲ್ಲಿ ಓಡಿಸಿ ಪಟ್ಟಿಯ ತಳದಲ್ಲಿ ಮುಗಿಸಿದ್ದವನು. 2013ಕ್ಕೆ ಮತ್ತೆ ಕರೆದಾಗ ಮೂಗು ಮುರಿದವರೇ ಹೆಚ್ಚು. ಭುಜದೆಲುಬು ಮುರಿದುಕೊಂಡೂ ಓಡಿಸಿ, ಪೋಲೆಂಡಿನ ಹಾಂಪೆಲ್‌ನನ್ನು ಹಿಂದೆ ಹಾಕಿ ಗೆದ್ದ. 2015ರಲ್ಲಿ ಇನ್ನೊಮ್ಮೆ, 2018ರಲ್ಲಿ ಮತ್ತೊಮ್ಮೆ. ನಮ್ಮ ವ್ರೊತ್ಸ್ವಾಫ್ ಕ್ಲಬ್ಬಿಗೇ ವರ್ಷಗಟ್ಟಲೆ ಓಡಿಸಿದವನಾದ್ದರಿಂದ, ಸೀಸನ್ ಕಾರ್ಡ್ ಅನ್ಯಾಯ ಅಂತ ನಾನು ಬಾಯಿ ತೆಗೆದಾಗಲೆಲ್ಲ ಇಲ್ಲಿ ಅವನ ಹೆಸರನ್ನೇ ನನ್ನ ಮುಖಕ್ಕೆ ಹಿಡಿಯುತ್ತಾರೆ. ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ವೊಫಿಂಡನ್ ಸರಿಯಾದ ಆಯ್ಕೆ ಅಂತ ಗೊತ್ತಾದದ್ದು ಅವನು ಗೆದ್ದ ಮೇಲೆ. ಆವತ್ತು ಕರೆ ಬಾರದೆ ಮನೆಯಲ್ಲಿ ಕೂತವನು ಏನು ಮಾಡುತ್ತಿದ್ದ ಅಂತ ನೋಡಲು ನಮಗೆ ಟ್ರ್ಯಾಕ್ ಸಿಗಲಿಲ್ಲ.

ಎದುರು ಉದಾಹರಣೆ 2025ರದು. ಆಸ್ಟ್ರೇಲಿಯಾದ ಬ್ರೇಡಿ ಕರ್ಟ್ಜ್ ಚಾಲೆಂಜ್ ಗೆದ್ದು, ಮುಂಬಾಗಿಲಿನಿಂದಲೇ ಒಳಗೆ ಬಂದವನು. ಕೊನೆಯ ಐದು ಸುತ್ತುಗಳನ್ನು ಸಾಲಾಗಿ ಗೆದ್ದ. ನಮ್ಮೂರಿನ ಸುತ್ತೂ ಅದರಲ್ಲಿ ಒಂದು. ಆದರೂ ಜ್ಮಾಝ್ಲಿಕ್ ಒಂದೇ ಒಂದು ಅಂಕದಿಂದ ಚಾಂಪಿಯನ್. ಚಾಲೆಂಜ್‌ಗೆ ಮೂರೋ ನಾಲ್ಕೋ ಸೀಟು ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಅನ್ನುವವರು ಈ ವರ್ಷವನ್ನು ಒಮ್ಮೆ ನೆನೆಸಿಕೊಳ್ಳಬೇಕು. ಆ ಬಾಗಿಲಿನ ಆಚೆ ಇನ್ನೆಷ್ಟು ಕರ್ಟ್ಜ್‌ಗಳಿದ್ದಾರೋ.

ನನ್ನ ಕೈಗೆ ಕೊಟ್ಟರೆ ಹೀಗೆ ಮಾಡುತ್ತೇನೆ. ಒಂದು ರಾತ್ರಿಯ ಕಾರ್ಡ್ ಇರಲಿ, ಆದರೆ 23 ದಾಟದವರಿಗೆ ಮಾತ್ರ. ಸೀಸನ್ ಕಾರ್ಡ್ ಎರಡಕ್ಕೆ ಇಳಿಸಿ: ಒಂದು, ಹಿಂದಿನ ವರ್ಷ ಪೆಟ್ಟಾಗಿ ಅರ್ಧಕ್ಕೇ ಹೊರಬಿದ್ದವನಿಗೆ. ಈ ಆಟದಲ್ಲಿ ಮೂಳೆ ಮುರಿಯದ ವರ್ಷವೇ ಇರುವುದಿಲ್ಲ, ಆಸ್ಪತ್ರೆಯಲ್ಲಿ ಮಲಗಿದ್ದವನಿಗೆ ಅಂಕ ಎಲ್ಲಿಂದ ಬರಬೇಕು. ಇನ್ನೊಂದು, ಮಂಡಳಿಯವರ ಇಷ್ಟಕ್ಕೆ. ಬಾವುಟ ನೋಡಿ ಕೊಟ್ಟೆವು ಅಂತಲೇ ಬರೆಯಲಿ, ತೊಂದರೆಯಿಲ್ಲ, ಕಾರಣ ಕಾಗದದ ಮೇಲೆ ಇರಲಿ. ಉಳಿದವೆಲ್ಲ ಚಾಲೆಂಜ್‌ಗೆ ಹೋಗಲಿ. ಪೋಲೆಂಡಿನವರೇ ತುಂಬಿಕೊಂಡರೆ ತುಂಬಿಕೊಳ್ಳಲಿ ಅನ್ನುವ ಧೈರ್ಯ ನನಗಿದೆ. ಟಿಕೆಟ್ ಮಾರುವ ಕೆಲಸ ನನ್ನದಲ್ಲವಲ್ಲ.

ನಿಮ್ಮ ಕೊನೆಯ ಪ್ರಶ್ನೆ ಬಾಕಿ ಉಳಿಯಿತು. ಹೌದು, ವೈಲ್ಡ್ ಕಾರ್ಡಿನವನ ಅಂಕ ಪೂರ್ತಿ ಲೆಕ್ಕಕ್ಕೆ ಬರುತ್ತದೆ. 2019ರವರೆಗೆ ಹೀಟ್‌ಗಳಲ್ಲಿ ಗಳಿಸಿದ್ದನ್ನೇ ಕೂಡುತ್ತಿದ್ದರು. 2020ರಿಂದ ಸ್ಥಾನಕ್ಕೆ ಅಂಕ: ಗೆದ್ದವನಿಗೆ 20, ಎರಡನೆಯವನಿಗೆ 18, ಹೀಗೆ ಇಳಿಯುತ್ತಾ ಹದಿನಾರನೆಯವನಿಗೆ 1. ಹಾಗಾಗಿ ಈಗ 16ನೇ ನಂಬರಿನವನು ಗೆದ್ದರೆ ಅವನ ಹಿಂದಿರುವ ಪ್ರತಿಯೊಬ್ಬನೂ ಒಂದೊಂದು ಮೆಟ್ಟಿಲು ಕೆಳಗೆ ಜಾರುತ್ತಾನೆ. ಸೀಸನ್ ಮುಗಿದಾಗ ಕೋಷ್ಟಕದ ಕೆಳಭಾಗ ನೋಡಿ: ಒಂದೇ ಒಂದು ಕಾಲಮ್ಮಿನಲ್ಲಿ ಅಂಕ, ಉಳಿದೆಲ್ಲ ಖಾಲಿ, ಅಂಥ ಹೆಸರುಗಳು ಸಾಲಾಗಿ ಸಿಗುತ್ತವೆ. ಅವರೇ ಈ ಒಂದು ರಾತ್ರಿಯವರು.